ಕತ್ತರಿ ಹಿಡಿದು ಕಲಿಸಿದ ಎಣ್ಣೆಗಾಯಿ

ನಾನು ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮನೆ ಎಸ್.ಎಸ್. ಬಡಾವಣೆಯಲ್ಲಿ. ತವರು ಹರಿಹರ. ಬಸ್ಸು ಹತ್ತಿ ಕೂತು ಒಂದು ಸಣ್ಣ ನಿದ್ದೆ ತೆಗೆಯುವಷ್ಟರಲ್ಲಿ ಊರು ಬಂದಿರುತ್ತದೆ. ಇಷ್ಟು ಹತ್ತಿರವಿದ್ದರೂ ಅಮ್ಮ ದಿನಾ ಫೋನು ಮಾಡುತ್ತಿದ್ದಳು, ಅದೂ ಮಧ್ಯಾಹ್ನ ಸರಿಯಾಗಿ ಒಂದೂವರೆಗೆ, ನಾನು ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ. ನನ್ನ ಯೋಗಕ್ಷೇಮ ವಿಚಾರಿಸಲು ಅಲ್ಲ. ಟಿವಿಯಲ್ಲಿ ಅಡುಗೆ ಕಾರ್ಯಕ್ರಮ ಮುಗಿಯುತ್ತಿದ್ದುದು ಆ ಹೊತ್ತಿಗೆ.

“ಇವತ್ತು ಏನ್ ಮಾಡಿದ್ಲು ಗೊತ್ತೇನು?” ಎಂದೇ ಅವಳ ಮಾತು ಶುರುವಾಗುತ್ತಿತ್ತು. “ಪುಳಿಯೋಗರೆ. ಅನ್ನ ಆರಾಕಿದ್ಲು. ಪ್ಯಾಕೆಟ್ ಕತ್ತರಿಸಿದ್ಲು. ಸುರುವಿ ಕಲಸಿದ್ಲು. ಆತು. ಇದನ್ನ ಅರ್ಧ ಗಂಟೆ ತೋರಿಸಿದ್ರು. ಅಡಿಗೆ ಕಲಿಸ್ತಾಳೋ, ಕತ್ತರಿ ಹಿಡಿಯಾದು ಕಲಿಸ್ತಾಳೋ?”

“ಹಂಗಾದ್ರೆ ನೋಡಬ್ಯಾಡ ಬಿಡಮ್ಮ.”

“ನೋಡ್ದೇನೆ ಬಯ್ದ್ರೆ ಅನ್ಯಾಯ ಅಲ್ಲೇನು?”

ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು ಊಟ ಮಾಡುತ್ತಿದ್ದೆ. ಬರಬರುತ್ತಾ ನಮ್ಮ ಸ್ಟಾಫ್ ರೂಮಿನವರಿಗೂ ಇದು ಅಭ್ಯಾಸವಾಯಿತು. ಅಮ್ಮನ ಫೋನು ಬಾರದ ದಿನ ಗಣಿತದ ಮೇಷ್ಟ್ರು “ಯಾಕ್ರಿ ಮೇಡಂ, ಇವತ್ತು ಕರೆಂಟ್ ಹೋಗೈತೇನು ಹರಿಹರದಾಗೆ?” ಎಂದು ಕೇಳುತ್ತಿದ್ದರು.

ಕಾರ್ಯಕ್ರಮ ನಡೆಸುತ್ತಿದ್ದ ಹೆಣ್ಣುಮಗಳು ಮೂವತ್ತೈದರ ಆಸುಪಾಸಿನವಳು. ದಿನಕ್ಕೊಂದು ಮಿಂಚುವ ಸೀರೆ. ಒಲೆಯ ಮುಂದೆ ನಿಂತರೂ ಹಣೆಯ ಮೇಲೆ ಬೆವರು ಕಾಣದು. ಮುಂದೆ ಪೊಟ್ಟಣಗಳ ಸಾಲು, ಎಲ್ಲದರ ಮುಖವೂ ನಮ್ಮ ಕಡೆಗೆ. ಶುಂಠಿ ಬೆಳ್ಳುಳ್ಳಿ ಅರೆದದ್ದು ಪೊಟ್ಟಣದಲ್ಲಿ, ಹುಣಸೆ ರಸ ಪೊಟ್ಟಣದಲ್ಲಿ, ಕಾಯಿ ಹಾಲು ಪುಡಿಯಾಗಿ ಪೊಟ್ಟಣದಲ್ಲಿ. ಚಪಾತಿ ಮಾಡುವ ದಿನ ಚಪಾತಿಯೂ ಪೊಟ್ಟಣದಿಂದಲೇ ಹೊರಬಂತು. ಅವತ್ತು ಅಪ್ಪ ಅಂಗಡಿಯಿಂದ ಊಟಕ್ಕೆ ಬಂದವರು, ಅಮ್ಮ ಟಿವಿಯ ಜೊತೆ ಜಗಳದಲ್ಲಿದ್ದುದನ್ನು ಕಂಡು, ತಾವೇ ಬಡಿಸಿಕೊಂಡು ಉಂಡು, ತಾವೇ ತಟ್ಟೆ ತೊಳೆದಿಟ್ಟು ಅಂಗಡಿಗೆ ಹೋದರಂತೆ. ಅಮ್ಮನಿಗೆ ಅವರು ಬಂದುಹೋದದ್ದು ಗೊತ್ತಾದದ್ದು ಸಾರಿನ ಪಾತ್ರೆ ನೋಡಿದ ಮೇಲೆ.

ಅಮ್ಮನ ಜೊತೆಗೆ ಕೂತು ನೋಡುತ್ತಿದ್ದವರು ಪಕ್ಕದ ಮನೆಯ ಖಾಲಾ. ನಾವು ಮಕ್ಕಳೆಲ್ಲ ಚಿಕ್ಕಂದಿನಿಂದ ಅವರನ್ನು ಹಾಗೇ, ಚಿಕ್ಕಮ್ಮ ಎಂಬರ್ಥದಲ್ಲಿ, ಕರೆದವರು. ಅವರ ಯಜಮಾನರದು ಹತ್ತಿ ತುಂಬಿ ಗಾದಿ ಹೊಲಿಯುವ ಕೆಲಸ. ಖಾಲಾ ಮೆತ್ತಗಿನ ಮಾತಿನವರು. ಮಡಿಲಲ್ಲಿ ಒಂದು ದಿಂಬಿನ ಚೀಲ ಇಟ್ಟುಕೊಂಡು, ಅದರ ಅಂಚು ಹೊಲಿಯುತ್ತಾ, ಅಮ್ಮ ಬಯ್ದಾಗ “ಹೌದಕ್ಕ, ಹೌದಕ್ಕ” ಎನ್ನುತ್ತಾ ಕೂರುತ್ತಿದ್ದರು. ಅವರ ತಾಳ್ಮೆ ಕೆಟ್ಟದ್ದು ಟಿವಿಯಲ್ಲಿ ಬಿರಿಯಾನಿ ಮಾಡಿದ ದಿನ. ಬಿರಿಯಾನಿ ಪೇಸ್ಟು, ಹುರಿದ ಈರುಳ್ಳಿಯ ಪೊಟ್ಟಣ, ಕೊನೆಗೆ ಕೇಸರಿಯ ಬದಲು ಬಾಟಲಿಯಿಂದ ನಾಲ್ಕು ಹನಿ ಬಣ್ಣ. ಖಾಲಾ ಸೂಜಿಯನ್ನು ಬಟ್ಟೆಗೆ ಚುಚ್ಚಿ, ಎದ್ದು ಹೋಗಿ ಟಿವಿ ಆರಿಸಿದರು.

“ಅಕ್ಕ, ಇದನ್ನ ನೋಡಿದ್ರೆ ನನಗೆ ಗುನಾ ಆಗ್ತೈತೆ, ಪಾಪ ತಟ್ತೈತೆ,” ಅಂದರು.

ಆಮೇಲೆ ಅಮ್ಮನೇ ಎದ್ದು ಮತ್ತೆ ಹಾಕಿದಳು. “ಇರು ತಂಗಿ, ಮೊಸರು ಬಜ್ಜಿಗೆ ಏನ್ ಹಾಕ್ತಾಳೋ ನೋಡಣ.”

ಬೇಸಿಗೆ ರಜೆಗೆ ನಾನು ಹರಿಹರಕ್ಕೆ ಹೋದಾಗ ಇಬ್ಬರೂ ಕಾದು ಕೂತಿದ್ದರು. ಕಾರ್ಯಕ್ರಮದ ಕೊನೆಗೆ ಪರದೆಯ ಕೆಳಗೆ ಒಂದು ನಂಬರು ಬರುತ್ತದೆ, ಅಭಿಪ್ರಾಯ ಕಳಿಸಿ ಎಂದು. ಕಳಿಸಬೇಕು, ನಾನೇ ಬರೆಯಬೇಕು. ಎಡಕ್ಕೆ ಅಮ್ಮ, ಬಲಕ್ಕೆ ಖಾಲಾ, ನಡುವೆ ನಾನು ಫೋನು ಹಿಡಿದು ಕೂತೆ. ಅಮ್ಮ ಹೇಳಿದ್ದನ್ನು ನಾನು ಸ್ವಲ್ಪ ತಿದ್ದಿ, “ಮಾನ್ಯರೇ, ನಿನ್ನೆ ತೋರಿಸಿದ ಕಾಯಿ ಚಟ್ನಿಯಲ್ಲಿ ಕಾಯಿ ಇರಲಿಲ್ಲವೆಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇವೆ” ಎಂದು ಬರೆದು ಓದಿ ತೋರಿಸಿದೆ. ಅಮ್ಮನ ಮುಖ ಸಪ್ಪಗಾಯಿತು.

“ನಿನ್ನ ವ್ಯಾಕರಣ ಹಾಕಿ ನನ್ನ ಸಿಟ್ಟು ಆರಿಸಿಬಿಟ್ಯಲ್ಲೇ. ನಾನು ಹೇಳ್ದಂಗೆ ಬರಿ.”

ಅವಳು ಹೇಳಿದಂತೆಯೇ ಬರೆದೆ. ಕಳಿಸಿದ ಕೂಡಲೇ ಉತ್ತರ ಬಂತು. ಒಂದು ಗುಲಾಬಿ ಹೂವು, ಮುಗಿದ ಎರಡು ಕೈ, ಕೆಳಗೆ “ನಿಮ್ಮ ಮೆಚ್ಚುಗೆಗೆ ಧನ್ಯವಾದಗಳು.”

“ಬಯ್ದಿದ್ದು ತಿಳಿದೇ ಇಲ್ಲ ಅವರಿಗೆ,” ಅಂದಳು ಅಮ್ಮ. “ಇನ್ನೊಂದು ಹಾಕು.”

ಇನ್ನೊಂದು ಹಾಕಿದೆ. ಇನ್ನೊಂದು ಗುಲಾಬಿ ಬಂತು. ರಜೆ ಪೂರ್ತಿ ಇದೇ ಆಯಿತು. ಖಾಲಾರ ಬಿರಿಯಾನಿ ದೂರೊಂದೇ ಮೂರು ಕಂತಿನಲ್ಲಿ ಹೋಯಿತು, ಮೂರು ಗುಲಾಬಿ ಬಂದವು.

ಶಾಲೆ ಶುರುವಾದ ಮೇಲೆ ಒಂದು ದಿನ ನನಗೆ ಒಂದು ಫೋನು. ಮಾತಾಡಿದವಳು ಆ ಕಾರ್ಯಕ್ರಮದ ನಿರ್ದೇಶಕಿ. ಅವರ ಕಾರ್ಯಕ್ರಮಕ್ಕೆ ಎಲ್ಲರಿಗಿಂತ ಹೆಚ್ಚು ಅಭಿಪ್ರಾಯ ಬರೆದು ಕಳಿಸಿದ ಅಭಿಮಾನಿ ನಾನೇ ಅಂತೆ. ಊರೂರಿಗೆ ಹೋಗಿ ಶೂಟಿಂಗ್ ಮಾಡುತ್ತಿದ್ದಾರಂತೆ, ದಾವಣಗೆರೆಗೂ ಬರುತ್ತಾರಂತೆ. ಅಭಿಪ್ರಾಯ ನನ್ನದಲ್ಲ, ನಮ್ಮಮ್ಮನದು ಎಂದೆ. ಹಾಗಾದರೆ ಅಮ್ಮನನ್ನೇ ಕರೆತನ್ನಿ, ನಿಮ್ಮ ಕಡೆಯ ಎಣ್ಣೆಗಾಯಿ ಮಾಡಿ ತೋರಿಸಲಿ ಎಂದಳು. ಆಕೆ ಒಂದನ್ನೂ ಓದಿರಲಿಲ್ಲ ಎಂಬುದು ನನಗೆ ಅಲ್ಲೇ ಖಾತ್ರಿಯಾಯಿತು.

ಅಮ್ಮ ಒಪ್ಪಲಾರಳು ಅಂದುಕೊಂಡಿದ್ದೆ.

“ಬರ್ತೀನಿ ಅಂತ ಹೇಳು,” ಅಂದಳು. “ಇಷ್ಟು ದೂರದಿಂದ ಬಯ್ದು ಬಯ್ದು ಗಂಟಲು ಹೋಗೈತೆ. ಎದುರಿಗೇ ಹೇಳಿ ಬರಾಣ.”

ಆ ದಿನ ಅಮ್ಮ ಮತ್ತು ಖಾಲಾ ಹರಿಹರದಿಂದ ಬಸ್ಸಿನಲ್ಲಿ ಬಂದರು. ನಾನು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ಮೊದಲು ಖಾಲಾ ಇಳಿದರು, ಕೈಯಲ್ಲಿ ಕೊಂಡಜ್ಜಿ ಕಡೆಯ ಎಳೆ ಬದನೆಕಾಯಿಯ ಚೀಲ. ಆಮೇಲೆ ಕಂಡಕ್ಟರು ಏದುಸಿರು ಬಿಡುತ್ತಾ ಒಂದು ಗೋಣಿ ಗಂಟು ಇಳಿಸಿದ. ಒಳಗೆ ನಮ್ಮ ಮನೆಯ ಕಲ್ಲಿನ ಕುಟ್ಟಾಣಿ.

“ಅಮ್ಮಾರೆ, ಇದನ್ನ ಯಾರ ತಲೆ ಮ್ಯಾಲೆ ಹಾಕಾಕೆ ಒಯ್ತೀರಿ?” ಎಂದು ಕೇಳಿದ.

“ಇನ್ನಾ ಗೊತ್ತಿಲ್ಲಪ್ಪ,” ಅಂದಳು ಅಮ್ಮ. “ಅವರು ಹೆಂಗೆ ಮಾತಾಡ್ತಾರೆ ನೋಡಬೇಕು.”

ಶೂಟಿಂಗು ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ. ಅರ್ಧ ಹಾಲು ಟಿವಿಯಲ್ಲಿ ಕಾಣುವ ಅಡುಗೆ ಮನೆ, ಉಳಿದರ್ಧ ಮಡಚಿಟ್ಟ ಕುರ್ಚಿ. ಕ್ಯಾಮೆರಾದವರು ದೀಪ ಸರಿಮಾಡುತ್ತಿದ್ದಾಗ ನಮ್ಮನ್ನು ಪರದೆಯ ಹಿಂದೆ ಕೂರಿಸಿದರು. ಅಲ್ಲಿ ಒಂದು ಸ್ಟೂಲಿನ ಮೇಲೆ ಆ ಹೆಣ್ಣುಮಗಳು ಕೂತಿದ್ದಳು, ಅದೇ ಮಿಂಚುವ ಸೀರೆಯಲ್ಲಿ, ಬಿಸ್ಕತ್ತು ತಿನ್ನುತ್ತಾ. ಅಮ್ಮ ಮಾತು ಶುರುಮಾಡಲು ಗಂಟಲು ಸರಿಮಾಡಿಕೊಂಡಳು. ಅಷ್ಟರಲ್ಲಿ ಅವಳೇ ಎದ್ದು, “ಬನ್ನಿ ಅಮ್ಮ, ಕೂತ್ಕೊಳ್ಳಿ. ಊಟ ಆಯ್ತಾ ನಿಮ್ದು?” ಅಂದಳು.

“ನಿಂದು ಆತಾ?” ಎಂದಳು ಅಮ್ಮ, ಅಭ್ಯಾಸಬಲದಿಂದ.

“ಇಲ್ಲ ಅಮ್ಮ. ಬೆಳಿಗ್ಗೆಯಿಂದ ಇದೇ ಬಿಸ್ಕೆಟ್.”

ಅಮ್ಮ ನನ್ನ ಮುಖ ನೋಡಿದಳು. ಬಯ್ಯಬೇಕಾದವಳು ಹಸಿದು ಕೂತಿದ್ದಾಳೆ, ಈಗ ಏನು ಮಾಡುವುದು ಎಂಬ ಸಂಕಟ. ಕೊನೆಗೆ ನಮಗಾಗಿ ತಂದಿದ್ದ ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಆ ಹೆಣ್ಣುಮಗಳು ಸೆರಗಿನ ಮೇಲೆ ಟವೆಲ್ಲು ಹಾಸಿಕೊಂಡು ನಾಲ್ಕು ರೊಟ್ಟಿ ತಿಂದಳು. ನಾಲ್ಕನೆಯದನ್ನು ಖಾಲಾ ಒತ್ತಾಯ ಮಾಡಿ ಹಾಕಿದರು.

“ಇದಕ್ಕೆ ಏನೇನು ಹಾಕಿದೀರಾ ಅಮ್ಮ?” ಎಂದು ಕೇಳಿದಳು. “ನನಗೆ ನಿಜವಾಗಿಯೂ ಅಡುಗೆ ಬರಲ್ಲ. ನಾನು ಮೊದಲು ವಾರ್ತೆ ಓದ್ತಿದ್ದೆ.”

ಅಮ್ಮ ತಂದಿದ್ದ ಮಾತೆಲ್ಲ ಆ ಹೊತ್ತಿಗೆ ಖಾಲಿಯಾಗಿತ್ತು. “ಇರ್ಲಿ ಬಿಡವ್ವ, ನಿಂದೇನು ತಪ್ಪು,” ಅಂದುಬಿಟ್ಟಳು. ಖಾಲಾ ಬೇರೆ ಕಡೆ ತಿರುಗಿ ನಕ್ಕರು.

ಶೂಟಿಂಗ್ ಶುರುವಾಯಿತು. ಮೇಜಿನ ಮೇಲೆ ಎಣ್ಣೆಗಾಯಿ ಮಸಾಲೆಯ ಹತ್ತು ಹನ್ನೆರಡು ಪೊಟ್ಟಣ ಸಾಲಾಗಿ ನಿಂತಿದ್ದವು. ಅಮ್ಮ ಮಾಡಬೇಕಾದ್ದು ಇಷ್ಟೇ, ಒಂದು ಪೊಟ್ಟಣ ಹರಿದು ಬೋಗುಣಿಗೆ ಸುರಿಯುವುದು. ಕತ್ತರಿ ಕೊಟ್ಟರು. ಅಮ್ಮ ಬೇಡವೆಂದಳು. ಮೂಲೆಯಲ್ಲಿ “ಇಲ್ಲಿ ಹರಿಯಿರಿ” ಎಂದು ಬರೆದಿತ್ತು, ಅಲ್ಲೇ ಹಿಡಿದು ಎಳೆದಳು. ಹರಿಯಲಿಲ್ಲ. ಇನ್ನೊಂದು ಮೂಲೆಯಲ್ಲಿ ಎಳೆದಳು. ನಿರ್ದೇಶಕಿ ನಿಲ್ಲಿಸಿ ಮತ್ತೆ ಮೊದಲಿನಿಂದ ಶುರುಮಾಡಿಸಿದಳು. ಅಮ್ಮ ಹಲ್ಲು ಹಾಕಿದಳು. ಮತ್ತೆ ನಿಲ್ಲಿಸಿದರು. ಮೂರನೇ ಸಲ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಿಂದ ಹಿಡಿದು, ಒಣ ಸೌದೆ ಸೀಳುವಂತೆ ಜಗ್ಗಿದಳು.

ಪೊಟ್ಟಣ ಉದ್ದಕ್ಕೆ ಸೀಳಿತು. ಬೋಗುಣಿಗೆ ಏನೂ ಬೀಳಲಿಲ್ಲ. ಖಾರದ ಪುಡಿಯೆಲ್ಲ ಮೇಲೆ ಹಾರಿ, ದೀಪದ ಬೆಳಕಿನಲ್ಲಿ ಕೆಂಪು ಮೋಡದಂತೆ ಒಂದು ಗಳಿಗೆ ನಿಂತು, ಅಲ್ಲೇ ತಿರುಗುತ್ತಿದ್ದ ದೊಡ್ಡ ಫ್ಯಾನಿನ ಗಾಳಿಗೆ ಸಿಕ್ಕಿ ಹಾಲಿನ ತುಂಬ ಹರಡಿತು. ಮೊದಲು ಸೀನಿದವರು ಖಾಲಾ. ಆಮೇಲೆ ಕ್ಯಾಮೆರಾದವರು. ಕ್ಯಾಮೆರಾ ಅಲ್ಲಾಡಿತು. ನಿರ್ದೇಶಕಿ “ಕಟ್” ಅನ್ನಲು ಬಾಯಿ ತೆರೆದವಳು ಸೀನಿದಳು, ಹಾಗಾಗಿ ಯಾರೂ ಕಟ್ ಮಾಡಲಿಲ್ಲ. ಆ ಹೆಣ್ಣುಮಗಳ ಕಣ್ಣಿನ ಕಾಡಿಗೆ ಕೆನ್ನೆಗಿಳಿಯಿತು. ಟಿವಿಯವರೂ ನಾವೂ ಒಟ್ಟಿಗೆ ಹೊರಗಿನ ಜಗಲಿಗೆ ಓಡಿ ಬಂದು, ಸಾಲಾಗಿ ನಿಂತು ಸೀನಿದೆವು. ರಸ್ತೆಯಲ್ಲಿ ಹೋಗುತ್ತಿದ್ದವರೊಬ್ಬರು ಗಾಡಿ ನಿಲ್ಲಿಸಿ, “ಏನ್ರಿ, ಒಗ್ಗರಣೆ ಜೋರಾತೇನು?” ಎಂದು ಕೇಳಿ ಹೋದರು.

ಒಳಗೆ ಬಂದ ಮೇಲೆ ಇನ್ನೊಂದು ವಿಷಯ ಹೊರಬಿತ್ತು. ಉಳಿದ ಪೊಟ್ಟಣಗಳು ಬರೀ ತೋರಿಕೆಯವು, ಒಳಗೆ ಹಳೇ ಪೇಪರು. ನಿಜವಾದ ಪೊಟ್ಟಣಗಳಿದ್ದ ಪೆಟ್ಟಿಗೆ ಹಿಂದಿನ ಊರಲ್ಲೇ ಉಳಿದುಹೋಗಿತ್ತು. ಅಂಗಡಿಗೆ ಹೋಗಿ ಕೇಳಿ ಬಂದವರು, ಆ ಕಂಪನಿಯ ಹೆಸರೇ ಇಲ್ಲಿ ಯಾರೂ ಕೇಳಿಲ್ಲ ಅಂದರು. ಸಂಜೆ ಹಾಲ್ ಬಿಟ್ಟುಕೊಡಬೇಕು, ರಿಸೆಪ್ಷನ್ ಇದೆ. ನಿರ್ದೇಶಕಿ ತಲೆಯ ಮೇಲೆ ಕೈಹೊತ್ತು ಕೂತಳು.

ಖಾಲಾ ಗೋಣಿ ಬಿಚ್ಚಿದರು. ಅಮ್ಮ ಮನೆಯಲ್ಲೇ ಹುರಿದು ತಂದಿದ್ದ ಶೇಂಗಾ, ಗುರೆಳ್ಳು, ಎಳ್ಳು, ಕೊಬ್ಬರಿ, ಮೆಣಸಿನಕಾಯಿ ಎಲ್ಲ ಹೊರಗೆ ಬಂದವು. ಒಬ್ಬರು ಕುಟ್ಟಿದರು, ಒಬ್ಬರು ಹಾಕಿದರು. ಕಲ್ಯಾಣ ಮಂಟಪವೆಲ್ಲ ಘಮ್ ಎಂದಿತು. ನಿರ್ದೇಶಕಿ ಎದ್ದು ಬಂದು ಮೂಸಿ ನೋಡಿ, ಸೀಳಿದ ಪೊಟ್ಟಣಕ್ಕೆ ಹಿಂದಿನಿಂದ ಟೇಪು ಹಚ್ಚಿಸಿ, ಅದರೊಳಗೆ ಈ ಮಸಾಲೆ ತುಂಬಿಸಿದಳು.

“ಇದಾಗಾದಿಲ್ಲ,” ಅಂದಳು ಅಮ್ಮ. “ನಾನು ಸುಳ್ಳು ಹೇಳಲ್ಲ.”

ಕಾಡಿಗೆ ಒರೆಸಿಕೊಳ್ಳುತ್ತಿದ್ದ ಆ ಹೆಣ್ಣುಮಗಳು ಹತ್ತಿರ ಬಂದಳು. “ಸುಳ್ಳು ಹೇಳಬೇಡಿ ಅಮ್ಮ. ಇದರೊಳಗೆ ಇರೋದು ಹೇಗಿದೆ ಅಂತ ನಿಮಗೆ ಅನಿಸುತ್ತೋ ಅಷ್ಟೇ ಹೇಳಿ. ಇವತ್ತು ಮುಗಿಸದೆ ಹೋದ್ರೆ ನನ್ನ ಬಯ್ತಾರೆ.”

ಅವಳು ನಮ್ಮ ರೊಟ್ಟಿ ತಿಂದವಳು. ಅಮ್ಮ ಕರಗಿದಳು. ಪೊಟ್ಟಣದಿಂದ ಮಸಾಲೆ ಸುರಿದು, ಬದನೆಕಾಯಿಗೆ ತುಂಬಿ, ಕ್ಯಾಮೆರಾ ನೋಡಿ ಗಂಭೀರವಾಗಿ ಹೇಳಿದಳು: “ಇಂಥ ಮಸಾಲೆ ನಿಮಗೆ ಎಲ್ಲೂ ಸಿಗಲ್ಲ. ಒಂದು ಕಾಳು ಕಲಬೆರಕೆ ಇಲ್ಲ. ಇದಕ್ಕೆ ನಾನೇ ಗ್ಯಾರಂಟಿ.”

ಪ್ರಸಾರವಾದ ದಿನ ನಾನು ರಜೆ ಹಾಕಿ ಹರಿಹರಕ್ಕೆ ಹೋಗಿದ್ದೆ. ಸೀನಿದ್ದೆಲ್ಲ ಕತ್ತರಿಸಿದ್ದರು. ಅಮ್ಮನ ಮಾತು ಮುಗಿಯುತ್ತಿದ್ದಂತೆ ಪರದೆಯ ತುಂಬ ಪೊಟ್ಟಣ ಬಂದು ಗಿರಗಿರನೆ ತಿರುಗಿತು. ಖಾಲಾ ದಿಂಬಿನ ಚೀಲವನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

“ನಾನು ಹೇಳಿದ್ದು ಸುಳ್ಳಲ್ಲ,” ಅಂದಳು ಅಮ್ಮ.

“ಅಲ್ಲಕ್ಕ,” ಅಂದರು ಖಾಲಾ. “ಆದ್ರೆ ನಿಜಾನೂ ಅಲ್ಲ.”

ಮರುವಾರ ಬೀದಿಯ ಕಿರಾಣಿ ಅಂಗಡಿಗೂ ಆ ಪೊಟ್ಟಣ ಬಂತು. ಅಮ್ಮ ಟಿವಿಯಲ್ಲಿ ಹೇಳಿದ್ದಾಳೆಂದು ನಂಬಿ ಬೀದಿಯ ಹೆಂಗಸರೆಲ್ಲ ಕೊಂಡರು. ಕೊಂಡು, ಮಾಡಿ, ಉಂಡು, ನಮ್ಮ ಮನೆ ಬಾಗಿಲಿಗೆ ಬಂದರು. “ನಿಮ್ಮಂಗೆ ಆಗಲಿಲ್ಲರಿ,” ಅಂದರು ಒಬ್ಬರು. “ನಮ್ಮನೆಯವರು ತಟ್ಟೆ ದೂಡಿಬಿಟ್ರು,” ಅಂದರು ಇನ್ನೊಬ್ಬರು. ಇಷ್ಟು ದಿನ ಅಮ್ಮ ಟಿವಿಗೆ ಹೇಳುತ್ತಿದ್ದ ಮಾತೆಲ್ಲ ಈಗ ಅವಳಿಗೇ ಬರತೊಡಗಿತು. ಅವಳು ಗುಲಾಬಿ ಹೂವು ಕಳಿಸುವಂತಿರಲಿಲ್ಲ, ಎದುರಿಗೇ ನಿಂತಿದ್ದರು.

“ಸ್ವಲ್ಪ ಶೇಂಗಾ ಹುರಿದು ಹಾಕ್ರಿ,” ಅಂದಳು. “ಗುರೆಳ್ಳು, ಎಳ್ಳು ಹಾಕ್ರಿ. ಕೊಬ್ಬರಿ ತುರಿದು ಹಾಕ್ರಿ. ಹುಣಸೆಹಣ್ಣು, ಬೆಲ್ಲ. ಮೆಣಸಿನಕಾಯಿ ನೀವೇ ಕುಟ್ಟಿಕೊಳ್ರಿ.”

“ಮತ್ತೆ ಆ ಪುಡಿ?”

“ಅದು ಹಾಕಿದ್ರೂ ನಡೀತೈತೆ,” ಅಂದಳು ಅಮ್ಮ ಗೋಡೆ ನೋಡುತ್ತಾ. “ಬಿಟ್ರೆ ಇನ್ನಾ ಚೊಲೋ.”

ಕುಟ್ಟಾಣಿ ಇಲ್ಲದವರು ನಮ್ಮ ಮನೆಗೇ ಬಂದು ಕುಟ್ಟಿಕೊಂಡು ಹೋದರು. ಕೆಲವು ದಿನ ಮಧ್ಯಾಹ್ನ ಟಿವಿ ಹಾಕಿದರೂ ಕೇಳುತ್ತಿರಲಿಲ್ಲ, ಅಷ್ಟು ಸದ್ದು. ನನಗೆ ಒಂದೂವರೆಯ ಫೋನು ತಪ್ಪಿತು. ಡಬ್ಬಿಯ ಊಟ ಬಿಸಿಯಿದ್ದಾಗಲೇ ಮುಗಿಯುತ್ತಿತ್ತು, ಆದರೂ ಏನೋ ರುಚಿ ಇರುತ್ತಿರಲಿಲ್ಲ.

ಎರಡು ತಿಂಗಳ ಮೇಲೆ ಒಂದು ಭಾನುವಾರ ನಾನು ತವರಲ್ಲಿದ್ದಾಗ ಅಮ್ಮನ ಫೋನು ಹೊಡೆದುಕೊಂಡಿತು. ಅದೇ ಹೆಣ್ಣುಮಗಳು, ಶೂಟಿಂಗಿನ ದಿನ ನಂಬರು ಬರೆದುಕೊಂಡಿದ್ದವಳು. ಎಣ್ಣೆಗಾಯಿಗೆ ಗುರೆಳ್ಳು ಎಷ್ಟು ಹಾಕಬೇಕು ಎಂದು ಕೇಳುತ್ತಿದ್ದಳು, ಮನೆಯಲ್ಲಿ ಮಾಡಲು ಹೊರಟಿದ್ದಳಂತೆ. ಅಮ್ಮ ಸ್ಪೀಕರಿಗೆ ಹಾಕಿ ಹೇಳತೊಡಗಿದಳು. ನಡುವೆ ಆ ಕಡೆಯಿಂದ ಇನ್ನೊಂದು ಹಿರಿಯ ದನಿ, “ಕೊಡಿಲ್ಲಿ ಫೋನು, ನಾನು ಮಾತಾಡ್ತೀನಿ” ಎಂದಿತು.

“ನಾನು ಇವಳ ಅತ್ತೆ ಕಣ್ರಿ,” ಎಂದಿತು ಆ ದನಿ. “ದಿನಾ ಕೂತು ನೋಡ್ತೀನಿ ಇವಳ ಕಾರ್ಯಕ್ರಮ. ಆ ಪ್ಯಾಕೆಟ್ಟು, ಆ ಕತ್ತರಿ. ಮನೆ ಸೊಸೆ, ಬಾಯಿಬಿಟ್ಟು ಹೇಳೋಹಾಗಿಲ್ಲ. ಯಾರ ಹತ್ರ ಹೇಳ್ಕೊಳ್ಳಲಿ ಹೇಳಿ.”

ಅಮ್ಮ ಒಲೆ ಆರಿಸುವಂತೆ ನನಗೆ ಸನ್ನೆ ಮಾಡಿ, ಕುರ್ಚಿ ಎಳೆದುಕೊಂಡು ಕೂತಳು. “ನನ್ನ ಹತ್ರ ಹೇಳ್ರಿ,” ಅಂದಳು. ಆಮೇಲೆ ಫೋನಿಗೆ ಕೈ ಮುಚ್ಚಿ, ಖಾಲಾರನ್ನು ಬೇಗ ಕರೆದುಕೊಂಡು ಬಾ ಎಂದು ನನ್ನನ್ನು ಪಕ್ಕದ ಮನೆಗೆ ಓಡಿಸಿದಳು.