ಹೊಸಿಲು ದಾಟಿದ ಬೂತಾಯಿ

ನಮ್ಮ ಬೆಕ್ಕು ಬೊಳ್ಳಿ ತಟ್ಟೆಯಿಂದ ಮುಖ ತಿರುಗಿಸಿದ್ದು ಬುಧವಾರ ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ. ಒಂದೂಮುಕ್ಕಾಲಿಗೆ ಶಾಲೆಯ ಗಂಟೆ ಬಾರಿಸುವುದರಿಂದ ನಾನು ಆಗಷ್ಟೇ ಗಡಿಯಾರ ನೋಡಿದ್ದೆ. ಬಂಗುಡೆ ಮೀನಿನ ಸಾರು ಕಲಸಿದ ಅನ್ನ. ಒಂದು ತುತ್ತು ಬಾಯಿಗೆ ಹಾಕಿಕೊಂಡಿತು, ಯಾರೋ ಕೆನ್ನೆಗೆ ಹೊಡೆದ ಹಾಗೆ ತಲೆ ಕೊಡವಿ ಉಗುಳಿತು, ಕಟ್ಟಿಗೆ ರಾಶಿಯ ಹಿಂದೆ ಹೋಗಿ ಕುಳಿತಿತು.

ಅದು ೧೯೮೪ರ ಫೆಬ್ರವರಿ. ಬೆಕ್ಕಿನ ವಿಷಯಕ್ಕೆ ದೇವರನ್ನು ಎಳೆದು ತಂದಳು ಎಂದು ನಗುವವರು ಇಲ್ಲಿಗೇ ಓದು ನಿಲ್ಲಿಸಬಹುದು. ನಾನು ಬಿ.ಎಸ್ಸಿ. ಮಾಡಿದವಳು, ಉಡುಪಿಯ ಒಂದು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವಳು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಅದಕ್ಕೆ ಯಾರ ಅಪ್ಪಣೆಯೂ ನನಗೆ ಬೇಕಾಗಿಲ್ಲ.

ಮನೆಯಲ್ಲಿ ನಾನು ಮತ್ತು ಅಕ್ಕ, ಇಬ್ಬರೇ. ಅಕ್ಕ ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡುತ್ತಿದ್ದಳು. ಬೊಳ್ಳಿಗೆ ಆಗ ಹದಿನಾಲ್ಕು ವರ್ಷ. ನಾವು ಮದುವೆಯಾಗಲಿಲ್ಲ, ಬೆಕ್ಕನ್ನು ಸಾಕಿದೆವು. ಇದರಲ್ಲಿ ಕನಿಕರಪಡುವಂಥದ್ದು ಏನೂ ಇಲ್ಲ.

ಗುರುವಾರ ಅದನ್ನು ದನದ ಡಾಕ್ಟರೊಬ್ಬರ ಬಳಿಗೆ ಒಯ್ದೆ. ಅವರು ದೂರದಿಂದಲೇ ನೋಡಿ, "ಪ್ರಾಯ ಆಯಿತಲ್ಲ? ಒಂದು ಇಂಜೆಕ್ಷನ್ ಕೊಟ್ಟರೆ ನೋವಿಲ್ಲದೆ ಹೋಗುತ್ತದೆ" ಎಂದರು. ನಾನು ಬುಟ್ಟಿಯ ಮುಚ್ಚಳ ಹಾಕಿದೆ. "ಅದು ಹೋಗಲಿಕ್ಕೆ ಬಂದದ್ದಲ್ಲ ಡಾಕ್ಟ್ರೇ" ಎಂದು ಹೇಳಿ ಹೊರಗೆ ಬಂದೆ.

ಆ ಸಂಜೆ ದೀಪ ಹಚ್ಚಿ ಹರಕೆ ಹೇಳಿದೆ. ನಮ್ಮದು ತಲೆಮಾರಿನಿಂದ ಕಾಪುವಿನ ಮಾರಿಯಮ್ಮನಿಗೆ ನಡೆದುಕೊಳ್ಳುವ ಮನೆ. ನಮ್ಮಲ್ಲಿ ದೊಡ್ಡ ಕಷ್ಟ ಬಂದರೆ ಮೀನು ಬಿಡುತ್ತಾರೆ. ಬಿಡುವುದೆಂದರೆ ತಿನ್ನದೆ ಇರುವುದು ಮಾತ್ರವಲ್ಲ, ಮೀನು ಮನೆಯ ಹೊಸಿಲನ್ನೇ ದಾಟಬಾರದು. "ಅಮ್ಮಾ, ಬೊಳ್ಳಿ ತಿನ್ನುವವರೆಗೆ ಈ ಮನೆಯ ಒಳಗೆ ಮೀನು ಬರುವುದಿಲ್ಲ" ಎಂದೆ. ಅಕ್ಕ ಪಕ್ಕದಲ್ಲಿ ನಿಂತು ಕೈಮುಗಿದಳು. ಮರುದಿನ ಮೀನಿನ ಹೆಂಗಸು ಬುಟ್ಟಿ ಹೊತ್ತು ಬಂದಾಗ ಗೇಟಿನಿಂದಲೇ ಹಿಂದೆ ಕಳುಹಿಸಿದೆವು. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು. ನನಗಂತೂ ಮರೆಯಲು ಆಗುತ್ತಿಲ್ಲ.

ಶನಿವಾರ ಶಾಲೆ ಅರ್ಧ ದಿನ. ಬೊಳ್ಳಿ ತಲೆ ಕೊಡವಿ ಉಗುಳಿದ್ದು ನೆನಪಾಗಿ, ಹಲ್ಲುನೋವೇ ಇರಬೇಕು ಎನ್ನಿಸಿತ್ತು. ಕಾರ್ಕಳದಲ್ಲಿ ನಿವೃತ್ತ ಪಶುವೈದ್ಯರೊಬ್ಬರು ನಾಯಿ ಬೆಕ್ಕುಗಳನ್ನೂ ನೋಡುತ್ತಾರೆಂದು ತಿಳಿದು ಬಸ್ಸು ಹತ್ತಿದೆ.

"ಬುಟ್ಟಿಯಲ್ಲಿ ಎಂತ ಟೀಚರೇ, ಕೋಳಿಯಾ?" ಎಂದ ಕಂಡಕ್ಟರ್.

"ಬೆಕ್ಕು."

"ಕಾರ್ಕಳದಲ್ಲಿ ಬಿಟ್ಟು ಬರಲಿಕ್ಕಾ? ಪ್ರಯೋಜನ ಇಲ್ಲ, ನಿಮಗಿಂತ ಮೊದಲು ಮನೆಗೆ ಮುಟ್ಟುತ್ತದೆ."

"ಬಿಡಲಿಕ್ಕಲ್ಲ, ಡಾಕ್ಟರಿಗೆ ಹಲ್ಲು ತೋರಿಸಲಿಕ್ಕೆ."

ಹಿಂದಿನ ಸೀಟಿನಿಂದ ಯಾರೋ, "ಹೊಸ ಹಲ್ಲಿನ ಸೆಟ್ ಕಟ್ಟಿಸಲಿಕ್ಕುಂಟಾ?" ಎಂದರು. ಬಸ್ಸೆಲ್ಲ ನಕ್ಕಿತು.

"ಕಟ್ಟುವವರಿದ್ದರೆ ಕಟ್ಟಿಸುತ್ತೇನೆ. ನಿಮ್ಮದೂ ಸಡಿಲ ಇದ್ದರೆ ಬನ್ನಿ, ಒಟ್ಟಿಗೆ ತೋರಿಸುವ" ಎಂದೆ.

ಕಾರ್ಕಳದ ಡಾಕ್ಟರು ಬೆಕ್ಕಿನ ಬಾಯಿ ತೆರೆದು ಟಾರ್ಚ್ ಹಿಡಿದರು. ದವಡೆಯ ಹಲ್ಲೊಂದು ಕೊಳೆತು ಕೀವು ಕಟ್ಟಿತ್ತು. ಮದ್ದು ಕೊಟ್ಟು ಮಂಪರು ಬರಿಸಿ ಅದನ್ನು ಕಿತ್ತರು. ಬುಟ್ಟಿ ನನ್ನ ಕೈಗೆ ಕೊಡುವಾಗ ಹೇಳಿದರು: "ನೋವಿನ ಮೂಲ ಹೋಯಿತು. ಆದರೆ ಬೆಕ್ಕು ಹೀಗೆ ಉಪವಾಸ ಕುಳಿತರೆ ಲಿವರ್ ಕೆಡುತ್ತದೆ. ಎರಡು ಮೂರು ದಿನದೊಳಗೆ ತಾನಾಗಿ ತಿನ್ನಬೇಕು. ಹಸಿವೆ ಸತ್ತಿದೆ, ಮೂಗಿಗೆ ಬಡಿಯುವಂಥದ್ದು ಎಂತಾದರೂ ಬೆಚ್ಚಗೆ ಮಾಡಿ ಕೊಡಿ."

ಅವರು ಹಾಗೆಂದ ಕೂಡಲೇ ಮೀನು ನನ್ನ ನೆನಪಿಗೆ ಬಂತು. ಹೌದು, ಬಂತು. ಬಂದ ಕ್ಷಣವೇ ಮನಸ್ಸಿನಲ್ಲಿ ಅಮ್ಮನಿಗೆ ತಪ್ಪು ಕಾಣಿಕೆ ಒಪ್ಪಿಸಿ ಅದನ್ನು ಆಚೆ ತಳ್ಳಿಬಿಟ್ಟೆ.

ಭಾನುವಾರ ತುಪ್ಪ ಕಾಯಿಸಿ ಇಟ್ಟೆವು. ಮೊಟ್ಟೆ ಬೇಯಿಸಿದೆವು. ಹಾಲಿನ ಕೆನೆಯನ್ನು ಅಕ್ಕ ಬೆರಳಿನಿಂದ ಅದರ ತುಟಿಗೆ ಸವರಿದಳು. ಯಾವುದನ್ನೂ ಮುಟ್ಟಲಿಲ್ಲ. ಗ್ಲೂಕೋಸ್ ನೀರನ್ನು ಹೊಸ ಇಂಕ್ ಫಿಲ್ಲರಿನಲ್ಲಿ ತುಂಬಿ ಎರಡು ಗಂಟೆಗೊಮ್ಮೆ ಬಾಯಿಯ ಮೂಲೆಯಿಂದ ಬಿಡುತ್ತಿದ್ದೆವು. ಸರದಿಯಲ್ಲಿ ಎದ್ದು ಎದ್ದು ನಮ್ಮಿಬ್ಬರ ಕಣ್ಣೂ ಕೆಂಪಾಗಿತ್ತು. ಸೋಮವಾರ ಬೊಳ್ಳಿ ತಲೆ ಎತ್ತಲಿಲ್ಲ. ಬೆನ್ನಿನ ಮೇಲೆ ಕೈಯಾಡಿಸಿದರೆ ಮೂಳೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು, "ಮನುಷ್ಯರನ್ನು ನೋಡಲಿಕ್ಕೇ ದೇವರಿಗೆ ಪುರುಸೊತ್ತಿಲ್ಲ, ನೀವು ಬೆಕ್ಕಿಗೆ ಹರಕೆ ಹೇಳಿದ್ದೀರಂತೆ" ಎಂದರು. "ನಿಮ್ಮ ದೇವರಿಗೆ ಇಲ್ಲದಿರಬಹುದು" ಎಂದೆ.

ಮಂಗಳವಾರ ಅಮ್ಮನ ದಿನ. ಶಾಲೆಗೆ ರಜೆ ಬರೆದು ಕಾಪುವಿಗೆ ಹೋದೆ. ಗುಡಿಯ ಮುಂದೆ ಹೂ ಮಾರುವ ವೃದ್ಧೆಯೊಬ್ಬರು ಬಾಳೆಎಲೆಯ ಮೇಲೆ ಮಲ್ಲಿಗೆ ಇಟ್ಟುಕೊಂಡು ಕುಳಿತಿದ್ದರು. ಅದನ್ನು ಚೆಂಡಾಗಿ ಕಟ್ಟಿ ಕೊಡುತ್ತಾ, "ಕಣ್ಣು ಎಂತ ಮಗಾ ಹೀಗೆ? ಮನೆಯಲ್ಲಿ ಯಾರಿಗೆ ಹುಷಾರಿಲ್ಲ?" ಎಂದು ಕೇಳಿದರು. ಐದು ದಿನಗಳಿಂದ ನಗುವವರನ್ನೇ ಕಂಡಿದ್ದ ನನಗೆ ಆ ಪ್ರಶ್ನೆ ಸಾಕಾಯಿತು. ಅಲ್ಲೇ ಮೆಟ್ಟಿಲಿನ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ, ಹರಕೆಯನ್ನೂ.

ಅವರು ನಗಲಿಲ್ಲ. ದಾರ ಹಲ್ಲಿನಲ್ಲಿ ಕಡಿದು ಕೇಳಿದರು: "ಹರಕೆ ಹೇಳಿದ್ದು ಯಾರು, ನೀನಾ, ಬೆಕ್ಕಾ?"

"ನಾನು."

"ಮತ್ತೆ ಅದರ ಬಾಯಿಗೆ ಯಾಕೆ ಬೀಗ ಹಾಕಿದೆ? ಮೀನು ಬಿಟ್ಟರೆ ಅದಕ್ಕೆ ಬೇರೆ ಎಂತ ಗೊತ್ತುಂಟು ಮಾರಾಯ್ತಿ? ತಿಂದರೆ ಮೀನು ತರುತ್ತೇನೆ ಅಂತೀ, ಮೀನು ತಂದರೆ ಅಲ್ವಾ ಅದು ತಿನ್ನುವುದು? ಓದಿದವಳ ಹಾಗೆ ಕಾಣುತ್ತೀ." ಗುಡಿಯ ಕಡೆಗೆ ಗಲ್ಲ ಎತ್ತಿ ತೋರಿಸಿದರು. "ಹೋಗು, ಅವಳ ಹತ್ತಿರವೇ ಹೇಳು. ಅವಳು ಹೆತ್ತವಳು. ಉಪವಾಸ ಹಾಕು ಅಂತ ಅವಳು ಹೇಳಲಿಕ್ಕಿಲ್ಲ."

ಹಲ್ಲು ಕಿತ್ತ ಶನಿವಾರದಿಂದ ಮೂರು ದಿನ ಅದನ್ನು ಉಪವಾಸ ಕೆಡವಿದ್ದು ರೋಗವಲ್ಲ, ನಾನು. ಅದೂ ಅಮ್ಮನ ಹೆಸರಿನಲ್ಲಿ. ಈಗಲೂ ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿದಾಗ ಆ ಮೂರು ದಿನ ಕಣ್ಣ ಮುಂದೆ ಬಂದು ಸೀಮೆಸುಣ್ಣ ಕೈಯಲ್ಲೇ ನಿಲ್ಲುತ್ತದೆ.

ಒಳಗೆ ಹೋಗಿ ನಿಂತೆ. ಬೇಡಲಿಲ್ಲ, ಹೇಳಿದೆ: "ಅಮ್ಮಾ, ತಪ್ಪು ನನ್ನದು. ಒಂದು ವರ್ಷ ನನ್ನ ಬಾಯಿಗೆ ಮೀನು ಬೇಡ. ಅದರ ಬಾಯಿಗೆ ಇಂದೇ ಕೊಡುತ್ತೇನೆ. ಕೋಪ ಬಂದರೆ ನನ್ನ ಮೇಲೆ ತೀರಿಸಿಕೋ." ಹೊರಬಂದು ಪೇಟೆಯಲ್ಲಿ ಬೂತಾಯಿ ಮೀನು ತೆಗೆದುಕೊಂಡು, ಎಲೆಯಲ್ಲಿ ಸುತ್ತಿಸಿ ಬಸ್ಸು ಹತ್ತಿದೆ.

ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ಮಾರಿಗೆ ಹೇಳಿದ ಮಾತು ಅದು. ತಪ್ಪಿದರೆ ಎಂತ ಆಗುತ್ತದೆ ಗೊತ್ತುಂಟಾ ನಿನಗೆ? ಬೇಕಾದರೆ ಅಂಗಳದಲ್ಲಿ ಬೇಯಿಸು. ಒಳಗೆ ತರಬೇಡ."

"ಅಂಗಳದಲ್ಲಿ ಕದ್ದು ಕೊಡಲಿಕ್ಕೆ ನಾನು ಅಮ್ಮನಿಗೆ ಕಾಣದ ಹಾಗೆ ಎಂತದೂ ಮಾಡುತ್ತಾ ಇಲ್ಲ. ಅವಳ ಎದುರೇ ಹೇಳಿ ಬಂದಿದ್ದೇನೆ. ಆಚೆ ಸರಿ."

ಹೊಸಿಲು ದಾಟಿದೆ. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಉಪ್ಪು ಖಾರ ಇಲ್ಲದೆ ಬೂತಾಯಿ ಬೇಯಿಸಿದೆ. ವಾಸನೆ ಅಡುಗೆಮನೆಯಿಂದ ನಡುಮನೆಗೆ ಹೋಯಿತು. ಮುಳ್ಳು ತೆಗೆದು ಬೆರಳಿನಲ್ಲಿ ಕಿವುಚಿ ಬೊಳ್ಳಿಯ ಮೂಗಿನ ಹತ್ತಿರ ಹಿಡಿದೆ. ಬಹಳ ಹೊತ್ತು ಏನೂ ಆಗಲಿಲ್ಲ. ಅಕ್ಕ ಗೋಡೆಯ ಕಡೆ ತಿರುಗಿ ನಿಂತಿದ್ದಳು. ಆಮೇಲೆ ಮೂಗು ಅಲುಗಿತು. ನಾಲಗೆ ಹೊರಬಂತು, ಒರಟಾಗಿ, ಬೆಚ್ಚಗೆ ನನ್ನ ಬೆರಳಿಗೆ ತಾಗಿತು. ಒಂದು ಚೂರು. ಇನ್ನೊಂದು.

"ಅಕ್ಕಾ, ತಿನ್ನುತ್ತಾ ಉಂಟು" ಎಂದೆ.

ಅವಳು ತಿರುಗಿ ನೋಡಿದಳು, ಅಲ್ಲೇ ನೆಲದ ಮೇಲೆ ಕುಳಿತಳು. "ಮುಳ್ಳು ಸರಿಯಾಗಿ ತೆಗೆದಿದ್ದೀಯಾ?" ಎಂದು ಕೇಳಿದಳು.

ಗಣಿತದ ಮೇಷ್ಟ್ರು ಈಗಲೂ ಹೇಳುತ್ತಾರೆ: ಉಳಿಸಿದ್ದು ಮೀನು, ದೇವಿ ಅಲ್ಲ. ಇರಲಿ. ಮೀನು ಅಷ್ಟೂ ದಿನ ಪೇಟೆಯಲ್ಲಿತ್ತು, ನಮ್ಮ ಗೇಟಿನವರೆಗೂ ಬಂದಿತ್ತು. ಜೀವಶಾಸ್ತ್ರ ಕಲಿಸುವ ನನಗೆ ಅದು ಕಂಡಿತಾ? ಕಾಪುವಿನ ಮೆಟ್ಟಿಲಿನಲ್ಲಿ ಕೂರಿಸಿ ನನ್ನ ಕಣ್ಣು ತೆರೆಸಿದವಳು ಯಾರು? ಅಮ್ಮ ನನ್ನ ಹರಕೆಯನ್ನು ಸ್ವೀಕರಿಸಿ ಉತ್ತರ ಕೊಟ್ಟಳೆಂದು ನಾನು ಹೇಳುವುದಿಲ್ಲ. ಹರಕೆಯನ್ನು ತಿದ್ದಿ ಕೊಟ್ಟಳು ಎನ್ನುತ್ತೇನೆ. ಅವಳಿಗೆ ನನ್ನ ಭಯ ಬೇಕಿರಲಿಲ್ಲ. ಇದನ್ನು ಕಲಿಯುವಷ್ಟರಲ್ಲಿ ನನಗೆ ಮೂವತ್ತಾರು ವರ್ಷ ವಯಸ್ಸಾಗಿತ್ತು. ಕಲಿತದ್ದನ್ನು ಇನ್ನು ಯಾರೂ ನನ್ನಿಂದ ಕಸಿಯಲಾರರು. ಅಮ್ಮನ ಪಾದಕ್ಕೆ ನನ್ನ ನಮಸ್ಕಾರ.

ಬುಧವಾರದಿಂದ ಬೊಳ್ಳಿ ಸ್ವಲ್ಪ ಸ್ವಲ್ಪವೇ ತಿಂದಿತು. ಆದರೂ ನಾವು ನಂಬದೆ, ಎರಡು ಗಂಟೆಗೊಮ್ಮೆ ಎದ್ದು ಅದರ ಉಸಿರು ನೋಡುತ್ತಿದ್ದೆವು. ಶನಿವಾರ ಅದು ತಾನೇ ನಡೆದು ಬಂದು ಅಡುಗೆಮನೆಯಲ್ಲಿ ಕೂಗಿ ಮೀನು ಕೇಳಿತು. ಅಂದು ಅಲಾರಂ ಇಡದೆ ಮಲಗಿದೆವು. ನನಗೆ ಎಚ್ಚರವಾದಾಗ ಭಾನುವಾರ, ಏಳೂಕಾಲು, ಕೋಣೆಯ ತುಂಬ ಬಿಸಿಲು. ಅಕ್ಕ ಇನ್ನೂ ಗೊರಕೆ ಹೊಡೆಯುತ್ತಿದ್ದಳು, ಬೊಳ್ಳಿ ಅವಳ ಹೊಟ್ಟೆಯ ಮೇಲೆ. ನಾನು ಇಬ್ಬರನ್ನೂ ಎಬ್ಬಿಸಲಿಲ್ಲ.