ಮಾಮಿ ಬದುಕಿದ್ದಾರೆಂಬ ಅರ್ಜಿ

ಮೊನ್ನೆ ಬೀರುವಿನ ತಳ ಖಾಲಿ ಮಾಡುತ್ತಿದ್ದಾಗ ಒಂದು ಕಂದು ಲಕೋಟೆ ಸಿಕ್ಕಿತು. ಒಳಗೆ ಬಳಸಿ ಬಳಸಿ ಸವೆದುಹೋದ ಕಾರ್ಬನ್ ಹಾಳೆಗಳು. ಎಣ್ಣೆಯೂ ಶಾಯಿಯೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮಿಲಿಟರಿ ಮಾಮ ಇಸ್ತ್ರಿ ಹಾಕಿದ ಷರಟು ತೊಟ್ಟು ನನ್ನೆದುರು ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕುಳಿತುಬಿಟ್ಟರು. ನನಗೆ ಮೊದಲು ಬಂದದ್ದು ದುಃಖವಲ್ಲ, ಸುಳ್ಳೇಕೆ ಹೇಳಲಿ... ಹೊಟ್ಟೆಕಿಚ್ಚು.

ತೊಂಬತ್ತರ ದಶಕದ ಕೊನೆಯ ಮಾತು. ಆಗ ನಾವು ಮದ್ರಾಸಿನ ತಿರುವೊಟ್ಟಿಯೂರಿನಲ್ಲಿದ್ದೆವು. ಒಂದೇ ಗೇಟಿನೊಳಗೆ ನಾಲ್ಕು ಪೋರ್ಷನ್. ಕೆಳಗೆ ನಾವು, ನಮ್ಮ ತಲೆಯ ಮೇಲೆ ಅವರು. ನಮ್ಮವರಿಗೆ ಹತ್ತಿರದ ಫ್ಯಾಕ್ಟರಿಯಲ್ಲಿ ಕೆಲಸ. ನಾನು ಪ್ಯಾರಿಸ್ ಕಾರ್ನರ್ ಕಡೆ ಒಂದು ವಿಮಾ ಕಚೇರಿಯಲ್ಲಿ ಟೈಪಿಸ್ಟ್. ಮಾಮ ಅರಸೀಕೆರೆ ಕಡೆಯವರು, ಸೈನ್ಯದಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರು. ಮಕ್ಕಳಿರಲಿಲ್ಲ. ಅವರು, ಅವರ ಹೆಂಡತಿ, ಅಷ್ಟೇ ಸಂಸಾರ. ಆಕೆಯನ್ನು ನಾವೆಲ್ಲ ಮದ್ರಾಸಿನ ರೂಢಿಯಂತೆ ಮಾಮಿ ಎನ್ನುತ್ತಿದ್ದೆವು.

ಒಂದು ಭಾನುವಾರ ಮಾಮ ಪಿಂಚಣಿಯ ಕಾಗದಗಳನ್ನು ಹಿಡಿದು ಕೆಳಗಿಳಿದು ಬಂದರು. ಮುಖ ಬಿಳಿಚಿಕೊಂಡಿತ್ತು. ಸೈನ್ಯದ ದಾಖಲೆಯಲ್ಲಿ ಅವರ ಹೆಂಡತಿ ತೀರಿಕೊಂಡು ಹದಿನೇಳು ವರ್ಷವಾಗಿತ್ತು. ಅದೇ ದಾಖಲೆಯಲ್ಲಿ, ನಿಜಕ್ಕೂ ತೀರಿಕೊಂಡಿದ್ದ ಅವರ ತಾಯಿ ಮಾತ್ರ ನೂರರ ಹತ್ತಿರ ಬಂದು ಇನ್ನೂ ಜೀವಂತವಾಗಿದ್ದರು. ಅದೇ ಹೊತ್ತಿಗೆ ಮಾಮಿ, "ಸತ್ತೋಳಿಗೂ ಒಂದ್ ಲೋಟ ಕಾಫಿ ಕೊಡೇ," ಎನ್ನುತ್ತ ಹಿಂದೆಯೇ ಬಂದು ನನ್ನ ಅಡುಗೆಮನೆಯ ಹೊಸಿಲ ಮೇಲೆ ಕುಳಿತರು.

ತಪ್ಪು ಮಾಡಿದ್ದು ಸೈನ್ಯವಲ್ಲ, ಮಾಮನೇ. ಅವರ ತಾಯಿಯ ಹೆಸರು ಲಕ್ಷ್ಮಮ್ಮ. ಮದುವೆಯಾಗಿ ಬಂದ ಹುಡುಗಿಯ ಹೆಸರೂ ಲಕ್ಷ್ಮಮ್ಮ. ಅತ್ತೆಯ ಹೆಸರಿಟ್ಟುಕೊಂಡ ಸೊಸೆಯನ್ನು "ಏ ಲಕ್ಷ್ಮೀ, ಪಾತ್ರೆ ತೊಳಿ" ಎನ್ನಲಾಗುತ್ತದೆಯೇ? ಧಾರೆಯ ದಿನವೇ ಅವಳಿಗೆ ರಾಜಮ್ಮ ಎಂದು ಹೊಸ ಹೆಸರಿಟ್ಟರು. ಆದರೆ ರೆಜಿಮೆಂಟಿಗೆ ಹೋದದ್ದು ಹುಡುಗಿಯ ಶಾಲೆಯ ಸರ್ಟಿಫಿಕೇಟಿನಲ್ಲಿದ್ದ ಹೆಸರು. ಮುಂದೆ ತಾಯಿ ಸತ್ತಾಗ ಗಡಿಯಲ್ಲಿದ್ದ ಮಾಮ ಅಳುತ್ತ ಹೋಗಿ, "ನಮ್ಮನೇಲಿ ಲಕ್ಷ್ಮಮ್ಮ ಹೋಗ್ಬಿಟ್ರು," ಎಂದು, ಹೆಸರು ಕೇಳಿದ ಗುಮಾಸ್ತನ ಕೈಯಲ್ಲಿ ಬರೆಸಿದರು. ಅವರ ಮಟ್ಟಿಗೆ ಲಕ್ಷ್ಮಮ್ಮ ಎಂದರೆ ತಾಯಿ ಒಬ್ಬರೇ. ಹೆಂಡತಿ ರಾಜಮ್ಮನಾಗಿ ಎಷ್ಟೋ ಕಾಲವಾಗಿತ್ತು. ಗುಮಾಸ್ತ ಪಟ್ಟಿ ನೋಡಿ ಹೆಂಡತಿಯ ಹೆಸರಿಗೆ ಗೆರೆ ಎಳೆದ.

ಮಾಮನಿಗೆ ಎದೆನೋವಿನ ಕಾಯಿಲೆ ಬೇರೆ ಇತ್ತು. ದಾಖಲೆ ತಿದ್ದುವ ಮೊದಲೇ ತಾವು ಕಣ್ಣು ಮುಚ್ಚಿದರೆ, ಹೆಂಡತಿಗೆ ಬರಬೇಕಾದ ಪಿಂಚಣಿ ಬರುವುದಿಲ್ಲ, ಅವಳು ಯಾರ ಮನೆಯ ಬಾಗಿಲಿಗೆ ಹೋಗಬೇಕು ಎಂಬುದೊಂದೇ ಅವರ ಚಿಂತೆ.

ಅಂದಿನಿಂದ ಭಾನುವಾರ ಬಂತೆಂದರೆ ಅರ್ಜಿ. ನನ್ನ ಹತ್ತಿರ ಒಂದು ಹಳೆಯ ಟೈಪ್‌ರೈಟರ್ ಇತ್ತು. ಮಾಮ ಹೇಳುವುದು, ನಾನು ಇಂಗ್ಲಿಷಿನಲ್ಲಿ ಬಡಿಯುವುದು, ನಡುವೆ ಕಾರ್ಬನ್ ಇಟ್ಟು ಮೂರು ಪ್ರತಿ. ಎಲ್ಲ ಅರ್ಜಿಯಲ್ಲೂ ಒಂದು ವಾಕ್ಯ ಇರಲೇಬೇಕು: ಸದರಿ ನನ್ನ ಪತ್ನಿ ಜೀವಂತವಾಗಿದ್ದು ನನ್ನೊಂದಿಗೇ ವಾಸವಾಗಿದ್ದಾಳೆ. ಅದನ್ನು ಹೇಳುವಾಗ ಅವರು ತಪ್ಪದೆ ಒಮ್ಮೆ ಪಕ್ಕಕ್ಕೆ ತಿರುಗಿ ಮಾಮಿಯನ್ನು ನೋಡುತ್ತಿದ್ದರು, ನಿಜವಾಗಿ ಇದ್ದಾಳೋ ಇಲ್ಲವೋ ಎಂಬಂತೆ. ಮಾಮಿ ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ಮೈ ಉರಿದುಹೋಗುತ್ತಿತ್ತು.

ಯಾಕೆ ಎಂದರೆ ಏನು ಹೇಳಲಿ? ನಮ್ಮವರು ಕೆಟ್ಟವರಲ್ಲ. ಕುಡಿಯುವವರಲ್ಲ, ಬೈಯುವವರಲ್ಲ. ಅದೇ ಕೋಣೆಯ ಮೂಲೆಯಲ್ಲಿ ಪೇಪರ್ ಹರಡಿಕೊಂಡು ಕುಳಿತಿರುತ್ತಿದ್ದರು. ನಾನು ಒಂದು ವಾರ ಜ್ವರದಲ್ಲಿ ಕೆಲಸಕ್ಕೆ ಹೋಗಿ ಬಂದೆ, ಅವರಿಗೆ ಗೊತ್ತೇ ಆಗಲಿಲ್ಲ. ಇಲ್ಲಿ ನೋಡಿದರೆ ಒಬ್ಬ ಮನುಷ್ಯ ತನ್ನ ಹೆಂಡತಿ ಬದುಕಿದ್ದಾಳೆ ಎಂದು ಸರ್ಕಾರಕ್ಕೆ ವಾರ ವಾರ ಬರೆಯುತ್ತಿದ್ದಾನೆ! ಆ ವಾಕ್ಯವನ್ನು ಬಡಿಯುವುದು ನಾನು. ಅದೂ ಮೂರು ಮೂರು ಪ್ರತಿ.

ಒಮ್ಮೆ ಜೋಡಿ ಫೋಟೋ ಬೇಕೆಂದು ಪತ್ರ ಬಂತು. ಮಾಮ ಹೊಸ ಸೀರೆ ತಂದರು, ಎರಡು ಮೊಳ ಮಲ್ಲಿಗೆ ತಂದರು. ನನ್ನನ್ನೂ ಸ್ಟುಡಿಯೋಗೆ ಕರೆದುಕೊಂಡು ಹೋದರು. ಮೊದಲನೇ ಫೋಟೋದಲ್ಲಿ ಮಾಮಿ ಕಣ್ಣು ಮುಚ್ಚಿಬಿಟ್ಟಿದ್ದರು. "ಇದನ್ನ ಕಳಿಸಿದ್ರೆ ಸತ್ತಿರೋದು ಖಾತ್ರಿ ಆಯ್ತು ಅಂತಾರೆ ಕಣಮ್ಮಣ್ಣಿ," ಎಂದು ಮಾಮ ಇನ್ನೊಮ್ಮೆ ತೆಗೆಸಿದರು. ನನ್ನನ್ನು ಅವರು ಅಮ್ಮಣ್ಣಿ ಎಂದೇ ಕರೆಯುತ್ತಿದ್ದುದು. ಎಲ್ಲರೂ ನಕ್ಕೆವು. ಮನೆಗೆ ಬಂದು ಅನ್ನಕ್ಕಿಟ್ಟ ಪಾತ್ರೆಯನ್ನು ಒಲೆಯ ಮೇಲೆ ಎಷ್ಟು ಜೋರಾಗಿ ಕುಕ್ಕಿದೆ ಎಂದರೆ ನಮ್ಮವರು ಪೇಪರ್‌ನಿಂದ ತಲೆಯೆತ್ತಿ, "ಏನು ಬಿತ್ತು?" ಎಂದು ಕೇಳಿದರು.

ಆಮೇಲೆ ಮಾಮನ ತಾಯಿಯ ಮರಣ ಪ್ರಮಾಣಪತ್ರ ತರಲು ಇಬ್ಬರೂ ಊರಿಗೆ ಹೋದರು. ಅವರು ಇಲ್ಲದ ಆ ವಾರವೇ ಪೋಸ್ಟ್‌ಮನ್ ರಿಜಿಸ್ಟರ್ ಪತ್ರ ತಂದ. ಮೇಲೆ ಬೀಗ ಕಂಡು, "ನೀಂಗಳೇ ವಾಂಗಿಕ್ಕೋಂಗಮ್ಮಾ," ಎಂದು ನನಗೇ ಕೊಟ್ಟು ಸಹಿ ಹಾಕಿಸಿಕೊಂಡ. ಸೈನ್ಯದ ಮೊಹರು ಇತ್ತು. ನಾನು ಅದನ್ನು ಮೇಜಿನ ಡ್ರಾಯರಿನಲ್ಲಿ, ಹಾಸಿದ್ದ ಕಾಗದದ ಅಡಿಗೆ ತಳ್ಳಿದೆ. ಅವರು ಬಂದಮೇಲೆ ಕೊಡೋಣ ಎಂದುಕೊಂಡೇ ತಳ್ಳಿದ್ದು... ಅಥವಾ ಹಾಗೆಂದು ನನಗೆ ನಾನೇ ಹೇಳಿಕೊಂಡದ್ದು.

ಅವರು ಬಂದರು. ಮಾರನೆಯ ಬೆಳಗ್ಗೆ ನಾನು ಕೆಲಸಕ್ಕೆ ಹೊರಟಾಗ ಮಾಮ ಮೆಟ್ಟಿಲಿಳಿದು ಬಂದು ಕೇಳಿದರು: "ತಪಾಲು ಏನಾದ್ರೂ ಬಂತಾ ಅಮ್ಮಣ್ಣಿ?"

"ಇಲ್ಲ ಮಾಮ."

ಬಾಯಿಂದ ಬಂದೇಬಿಟ್ಟಿತು. ಸ್ವಲ್ಪ ದಿನ, ಸ್ವಲ್ಪವೇ ದಿನ, ಮಾಮಿಯ ಬದುಕಿಗೆ ಮೊಹರು ಬೀಳದೆ ಇರಲಿ ಎನ್ನಿಸಿತ್ತು ನನಗೆ. ಎಂಥ ಪಾಪಿಷ್ಠೆ ನಾನು! ಎರಡನೆಯ ದಿನವೂ ಕೇಳಿದರು, ಮೂರನೆಯ ದಿನವೂ ಕೇಳಿದರು. ಅದೇ ಜಾಗ, ಅದೇ ನಗುಮುಖ. ನಾನೂ ಅದೇ ಉತ್ತರ ಹೇಳಿದೆ. ಈ ಮುದುಕರಿಗೆ ಬೇರೆ ಕೆಲಸವಿಲ್ಲವೇ ಎಂದು ರೇಗಿಕೊಂಡು ಬಸ್ ಹತ್ತುತ್ತಿದ್ದೆ. ಆ ಭಾನುವಾರ ಅರ್ಜಿ ಬರೆಸಲಿಲ್ಲ. ಬರಿಗೈಲಿ ಬಂದರು, ಕಾಫಿ ಕುಡಿದರು, ಹೋದರು. ಅದು ನನಗೆ ಆಗ ವಿಚಿತ್ರ ಎನ್ನಿಸಲೂ ಇಲ್ಲ.

ಹತ್ತನೆಯ ಬೆಳಗ್ಗೆಯೂ ಕೇಳಿ, ಇಲ್ಲವೆನ್ನಿಸಿಕೊಂಡು, ಮೇಲೆ ಹತ್ತುವಾಗ ಐದನೇ ಮೆಟ್ಟಿಲಿನಲ್ಲಿ ನಿಂತುಬಿಟ್ಟರು. ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಎದೆಯ ಮೇಲೆ. ಉಸಿರಿಗೆ ಒದ್ದಾಡುತ್ತಿದ್ದರು. ಈ ಮನುಷ್ಯ ಇಲ್ಲೇ ಹೋಗಿಬಿಟ್ಟರೆ? ಮಾಮಿಯನ್ನು ಎರಡನೇ ಸಲ ಸಾಯಿಸಿದವಳು ನಾನಾಗುವುದಿಲ್ಲವೇ? ಓಡಿಹೋಗಿ ಮಾಮಿಯನ್ನು ಕೂಗಿದೆ, ನೀರು ಕೊಟ್ಟೆ. ಅವರು ಸುಧಾರಿಸಿಕೊಂಡ ಮೇಲೆ ಒಳಗೆ ಹೋಗಿ ಡ್ರಾಯರಿನಿಂದ ಪತ್ರ ತೆಗೆದೆ. ಆ ದಿನ ಕೆಲಸಕ್ಕೆ ಹೋಗಲಿಲ್ಲ. ಮಧ್ಯಾಹ್ನ ಮೇಲೆ ಹೋಗಿ, "ಈಗ ಬಂತು ಮಾಮ," ಎಂದು ಕೊಟ್ಟೆ.

ಮಾಮ ಲಕೋಟೆಯನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. "ಬಂತಲ್ಲ, ಸಾಕು," ಎಂದರು.

ಪ್ರಮಾಣಪತ್ರದೊಂದಿಗೆ ಗಂಡ ಹೆಂಡತಿ ಇಬ್ಬರೂ ಖುದ್ದಾಗಿ ಹಾಜರಾಗಬೇಕು ಎಂದಿತ್ತು ಪತ್ರದಲ್ಲಿ. ಗಡುವಿಗೆ ಉಳಿದದ್ದು ನಾಲ್ಕೇ ದಿನ, ಕಚೇರಿ ಇದ್ದದ್ದು ಎರಡು ದಿನದ ದಾರಿಯ ಉತ್ತರದ ಊರಲ್ಲಿ. ರಿಸರ್ವೇಷನ್ ಎಲ್ಲಿಂದ ಸಿಗಬೇಕು? ಸಾಧಾರಣ ಬೋಗಿಯಲ್ಲಿ, ಬಾಗಿಲ ಬಳಿ ಟ್ರಂಕಿನ ಮೇಲೆ ಕುಳಿತು ಹೋದರು, ಆ ಎದೆ ಹೊತ್ತುಕೊಂಡು. ಅವರು ವಾಪಸು ಬರುವವರೆಗೆ ದಿನಾ ಮೆಟ್ಟಿಲು ಹತ್ತಿ ಮೇಲಿನ ಬೀಗ ನೋಡಿ ಬರುತ್ತಿದ್ದೆ.

ಬಂದರು. ಎರಡು ತಿಂಗಳಾದ ಮೇಲೆ ತಿದ್ದಿದ ದಾಖಲೆಯೂ ಬಂತು. ತಾಯಿ ಲಕ್ಷ್ಮಮ್ಮ, ಮೃತ. ಪತ್ನಿ ಲಕ್ಷ್ಮಮ್ಮ ಉರುಫ್ ರಾಜಮ್ಮ, ಜೀವಂತ. ಮಾಮ ನಾಲ್ಕು ಪೋರ್ಷನ್ನಿಗೂ ಮೈಸೂರುಪಾಕ್ ಹಂಚಿದರು. ನನಗೆ ಎರಡು ಹೆಚ್ಚಿಗೆ ಕೊಟ್ಟರು, ಟೈಪ್ ಮಾಡಿದ್ದಕ್ಕೆ.

ಎರಡು ವರ್ಷಕ್ಕೆ ಮಾಮ ತೀರಿಕೊಂಡರು. ಮಾಮಿಯ ಜೊತೆ ಬ್ಯಾಂಕಿಗೆ ಹೋದವಳು ನಾನೇ. ಕೌಂಟರಿನವರು ಕಾಗದ ನೋಡಿ, ಎಲ್ಲ ಸರಿಯಾಗಿದೆ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಮಾಮಿ ತಮ್ಮನ ಊರಿಗೆ ಹೊರಡುವ ದಿನ ನನ್ನ ಕೈ ಹಿಡಿದುಕೊಂಡು, ಸಿಟ್ಟಿಲ್ಲದೆ, ಅಡುಗೆಯ ಮಾತಾಡುವ ಹಾಗೆ ಹೇಳಿದರು:

"ಅವರಿಗೆ ಗೊತ್ತಿತ್ತು ಕಣೇ. ಊರಿಂದ ಬಂದ ದಿನಾನೇ ಪೋಸ್ಟ್‌ಮನ್ ಹೇಳಿದ್ದ, ಕೆಳಗಡೆ ಕೊಟ್ಟಿದೀನಿ ಅಂತ. ನಾನು ಜಗಳಕ್ಕೆ ಹೊರಟೆ. ಬಿಡಲಿಲ್ಲ. 'ಅಷ್ಟು ಬರ್ಕೊಟ್ಟಿರೋ ಮಗು ಕಣೇ ಅದು, ಏನೋ ಸಂಕಟ ಇದೆ. ತಾನಾಗೇ ಕೊಡ್ತಾಳೆ. ದಿನಾ ಹೋಗಿ ಕೇಳ್ತೀನಿ,' ಅಂದ್ರು. ಗಡುವು ಗಿಡುವು ಇರುತ್ತೆ ಅಂತ ನಮಗೇನು ಗೊತ್ತಿತ್ತು..."

ಆಟೋ ಹೊರಟುಹೋಯಿತು. ಈಗ ಮಾಮಿಯೂ ಇಲ್ಲ. ಕ್ಷಮೆ ಕೇಳುವುದಕ್ಕೆ ಇಬ್ಬರಲ್ಲಿ ಒಬ್ಬರನ್ನೂ ಉಳಿಸಿಕೊಳ್ಳಲಿಲ್ಲ ನಾನು. ಇಷ್ಟಾದರೂ, ಹೇಳಬಾರದು, ಮಾಮಿಯ ಮೇಲಿನ ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ. ಅಂಥ ಮನುಷ್ಯನ ಜೊತೆ ಆಕೆಗೆ ನಲವತ್ತು ವರ್ಷ ಸಿಕ್ಕಿತು. ನನ್ನ ಪಾಲಿಗೆ ಬಂದದ್ದು ಹತ್ತು ಬೆಳಗ್ಗೆ. ಆ ಹತ್ತೂ ದಿನ ನಾನು ಅವರಿಗೆ ಇಲ್ಲ ಎಂದೇ ಹೇಳಿದೆ.