ಪೊಟ್ಟಣದ ಹಾಳೆಯಲ್ಲಿ ಧಾರಾವಾಹಿ

ನೀಲಗಿರಿಯ ದೇವಾಲ ಎಂಬ ಊರಿನ ನಮ್ಮ ದಿನಸಿ ಅಂಗಡಿಗೆ ಕನ್ನಡದ ಯುವಪತ್ರಿಕೆ ಬರುತ್ತಿದ್ದುದು ಅಕ್ಕನ ಹಟದಿಂದ. ಅಪ್ಪ ಸಾಮಾನು ತರಲು ಗೂಡಲೂರಿಗೆ ಹೋದಾಗ, ಮೈಸೂರು ಬಸ್ಸಿನಲ್ಲಿ ಬಂದ ಹಿಂದಿನ ವಾರದ ಸಂಚಿಕೆ ತರುತ್ತಿದ್ದರು. ಸುತ್ತಲೂ ತಮಿಳು, ಮಲಯಾಳ. ಪತ್ರಿಕೆ ಓದುವವರು ಅಕ್ಕ, ನಾನು ಇಬ್ಬರೇ. ನಡುಪುಟದ ಕ್ರಿಕೆಟ್ ಆಟಗಾರನ ಚಿತ್ರ ಗೋಡೆ ಹತ್ತಿತು. ಮೊಡವೆಗೆಂದು ಅದರಲ್ಲಿ ಹೇಳಿದ ಕಡಲೆಹಿಟ್ಟು ಹಚ್ಚಿಕೊಂಡೆವು. ಮೊಡವೆ ಹೋಗಲಿಲ್ಲ, ಅಂಗಡಿಯ ಹಿಟ್ಟು ಖರ್ಚಾಯಿತು. ಅಕ್ಕನ ಜೀವವೆಲ್ಲ ಧಾರಾವಾಹಿಯಲ್ಲಿ. ಮನೆ ಬಿಟ್ಟು ಹೋದ ಹುಡುಗಿಯೊಬ್ಬಳ ಕಥೆ ಅದು.

ಆ ಕಥೆ ಮುಗಿಯುವ ಮೊದಲೇ ಅಕ್ಕ, ಎಸ್ಟೇಟಿನ ಜೀಪು ಓಡಿಸುವ ಹುಡುಗನ ಜೊತೆ ಹೋಗಿ ಮದುವೆಯಾದಳು. ಪಂದಲೂರಿನ ಕಡೆ ಎಸ್ಟೇಟಿನ ಕೆಲಸಗಾರರ ಲೈನ್ ಮನೆಯಲ್ಲಿದ್ದಾಳೆಂದು ಬೇರೆಯವರ ಬಾಯಿಂದ ತಿಳಿಯಿತು. ಮನೆಯಲ್ಲಿ ಯಾರೂ ಕೂಗಾಡಲಿಲ್ಲ. ಅಮ್ಮ ಅತ್ತಿದ್ದರೆ ಸಮಾಧಾನವನ್ನಾದರೂ ಮಾಡಬಹುದಿತ್ತು. ಅಪ್ಪ ಪತ್ರಿಕೆ ತರುವುದನ್ನು ನಿಲ್ಲಿಸಿ, ಮಂಚದಡಿಯ ಹಳೆಯ ಸಂಚಿಕೆಗಳನ್ನೆಲ್ಲ ಪೊಟ್ಟಣ ಕಟ್ಟಲು ಅಂಗಡಿಗೆ ತಂದು ಹಾಕಿದರು. ರಜೆಯಲ್ಲಿ ಪೊಟ್ಟಣ ಕಟ್ಟುವುದು ನನ್ನ ಕೆಲಸ. ಕಟ್ಟಿದೆ. ದುಃಖವಾದರೂ ಬರಲಿ ಎಂದು ಕಾದೆ, ಅದೂ ಬರಲಿಲ್ಲ.

ಅಕ್ಕನ ಪಕ್ಕದ ಲೈನ್ ಮನೆಯ ಹೆಂಗಸೊಬ್ಬಳು, ಚಾಮರಾಜನಗರದ ಕಡೆಯವಳು, ದೇವಾಲದಲ್ಲಿದ್ದ ತನ್ನ ಅಣ್ಣನ ಮನೆಗೆ ಬಂದಾಗಲೆಲ್ಲ ನಮ್ಮಲ್ಲೇ ಸಾಮಾನು ಕೊಳ್ಳುತ್ತಿದ್ದಳು. ಅವಳ ಒಣಮೆಣಸಿನಕಾಯಿಯನ್ನು ಬೇಕೆಂದೇ ನಮಗೆ ಬಂದ ಕೊನೆಯ ಸಂಚಿಕೆಯ ಧಾರಾವಾಹಿ ಹಾಳೆಯಲ್ಲಿ ಕಟ್ಟಿಕೊಟ್ಟೆ. ಅಕ್ಕನ ಕಣ್ಣಿಗೆ ಬಿದ್ದರೆ ಬೀಳಲಿ ಎಂದು.

ಮುಂದಿನ ಸಲ ಬಂದವಳು ಅಪ್ಪನೆದುರೇ ಹೇಳಿದಳು: "ನಿಮ್ಮಕ್ಕ ಆ ಕಾಗ್ದ ಕಂಡು ಇಸ್ಕಂಡ್ಲು ಕಣವ್ವ. ಆ ಕತೆ ಹುಡ್ಗಿ ಆಮ್ಯಾಕೆ ಏನಾದ್ಲು ಅಂತ ಕೇಳ್ಕಂಡು ಬಾ ಅಂದ್ಲು."

ನನಗೆ ಗೊತ್ತಿರಲಿಲ್ಲ. ಅದರ ಮುಂದಿನ ಸಂಚಿಕೆ ನಮ್ಮ ಮನೆಗೆ ಬಂದೇ ಇರಲಿಲ್ಲ. ಆದರೂ ಬಾಯಿಗೆ ಬಂದುಬಿಟ್ಟಿತು: "ಮನೆಗೆ ವಾಪಸ್ ಬಂದ್ಲು ಅಂತ ಹೇಳಿ. ಅವ್ರಪ್ಪ ಒಳಗೆ ಕರ್ಕೊಂಡ್ರು ಅಂತ."

ಅಪ್ಪ ಆ ಪತ್ರಿಕೆಯ ಒಂದು ಪುಟವನ್ನೂ ಓದಿದವರಲ್ಲ. ತಕ್ಕಡಿಯಿಂದ ಕಣ್ಣೆತ್ತದೆ, ಬೇಳೆ ಸುರಿಯುತ್ತಲೇ ಅಂದರು: "ಇಲ್ದೇ ಇರೋದು ಹೇಳಿ ಕಳಿಸ್ಬ್ಯಾಡ. ಬರ್ಲಿಲ್ಲ ಅನ್ನು."

ಹೆಂಗಸು ನನ್ನ ಮುಖ ನೋಡಿದಳು. ನಾನು ಬೇಳೆಯ ಪೊಟ್ಟಣಕ್ಕೆ ದಾರ ಸುತ್ತಿ ಅವಳ ಕೈಗಿಟ್ಟೆ. ಇಬ್ಬರ ಮಾತಿನಲ್ಲಿ ಯಾವುದನ್ನು ಮುಟ್ಟಿಸಿದಳೋ ತಿಳಿಯದು. ಅಕ್ಕ ಬರಲಿಲ್ಲ.